ಲಾಕ್ ಹಾಕಿದ್ದೀನಿ ಸಾರ್, ಸರಿಯಾಯ್ತು

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ, ಜೊತೆಗೆ ಬಂದಿದ್ದ ಕೆಲವು ಸಾಫ್ಟ್‌ವೇರ್ ಕೆಲಸಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡ್ ಮೇಲೆ ಚಿತ್ರ ಬಿಡಿಸಿ ತೋರಿಸಿದ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಭಾನುವಾರ ಬೆಳಿಗ್ಗೆ ಮಸಾಲೆ ದೋಸೆ ಬಿಟ್ಟು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ವಿಷಯ ಕೇಳಲು ಬಂದಿದ್ದೀರಿ. ನಿಮ್ಮ ಧೈರ್ಯಕ್ಕೆ ಮೊದಲು ನಮಸ್ಕಾರ.

"ಲಾಕ್ ಹಾಕಿದ್ದೀನಿ ಸಾರ್, ಸರಿಯಾಯ್ತು." ನಮ್ಮ ಆಫೀಸಿನಲ್ಲಿ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದು. ಹೇಳಿದವರಲ್ಲಿ ನಾನೂ ಒಬ್ಬ. ಹೇಳುವಾಗ ಸುಳ್ಳು ಹೇಳುತ್ತಿರಲಿಲ್ಲ. ಲಾಕ್ ಹಾಕಿದ್ದು ನಿಜ, ಕ್ರ್ಯಾಶ್ ನಿಂತಿದ್ದೂ ನಿಜ. ಆದರೆ ಅವೆರಡಕ್ಕೂ ಸಂಬಂಧ ಇದೆಯಾ ಅಂತ ಯಾರೂ ಕೇಳಲಿಲ್ಲ. ಇವತ್ತು ಅದನ್ನು ಕೇಳೋಣ.

ರೇಸ್ ಅಂದರೇನು ಅನ್ನೋದು ನಿಮಗೆಲ್ಲ ಗೊತ್ತು. ಪ್ರೊಸೆಸರಿನ ಎರಡು ಕೋರ್, ಅಂದರೆ ಒಟ್ಟೊಟ್ಟಿಗೆ ಕೆಲಸ ಮಾಡುವ ಎರಡು ಭಾಗ, ಒಂದೇ ಡೇಟಾ ಮುಟ್ಟುತ್ತವೆ. ಯಾರು ಮೊದಲು ಮುಟ್ಟಿದರು ಅನ್ನೋದರ ಮೇಲೆ ಫಲಿತಾಂಶ ಬದಲಾಗುತ್ತದೆ. ಅಷ್ಟೇ. ಲಾಕ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಆ ಹೆಸರೇ ದಾರಿ ತಪ್ಪಿಸುತ್ತದೆ. ಲಾಕ್ ಅಂದ ತಕ್ಷಣ ನಮ್ಮ ತಲೆಗೆ ಬೀಗ ಬರುತ್ತದೆ. ಬೀರುವಿಗೆ ಬೀಗ ಹಾಕಿದರೆ ಕೀಲಿ ಇಲ್ಲದವನು ತೆಗೆಯಲಾರ. ಕರ್ನಲ್ಲಿನ ಲಾಕ್ ಹಾಗಲ್ಲ.

ನಮ್ಮೂರು ಪಾಂಡವಪುರದ ಕಡೆ. ವಿಶ್ವೇಶ್ವರಯ್ಯ ನಾಲೆಯ ನೀರು. ಊರಲ್ಲಿ ನೀರುಗಂಟಿ ಅಂತ ಒಬ್ಬರಿರುತ್ತಾರೆ. ಯಾರ ಗದ್ದೆಗೆ ಯಾವಾಗ ನೀರು, ಯಾವ ತೂಬು ಎಷ್ಟು ಹೊತ್ತು ತೆಗೆಯಬೇಕು ಅನ್ನೋದು ಅವರ ಲೆಕ್ಕ. ನೀವು ಅವರನ್ನು ಕೇಳಿ ನೀರು ಹಾಯಿಸಿದರೆ ಜಗಳ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಯಾರೋ ಗುದ್ದಲಿ ತಗೊಂಡು ಕಾಲುವೆ ಏರಿ ಕಡಿದರೆ ನೀರುಗಂಟಿ ಏನು ಮಾಡಲು ಸಾಧ್ಯ? ಅವರಿಗೆ ಗೊತ್ತೂ ಆಗುವುದಿಲ್ಲ. ನೀರು ಅವರ ಮಾತು ಕೇಳಿ ನಿಲ್ಲುವುದಿಲ್ಲ, ಜನ ಕೇಳಿದರೆ ಮಾತ್ರ ನಿಲ್ಲುತ್ತದೆ.

ಲಾಕ್ ಕೂಡ ನೀರುಗಂಟಿಯೇ. ಅದು ಡೇಟಾವನ್ನು ಕಾಯುವುದಿಲ್ಲ. ಡೇಟಾ ಮುಟ್ಟುವ ಪ್ರತಿಯೊಬ್ಬರೂ ತನ್ನನ್ನು ಕೇಳಿಯೇ ಮುಟ್ಟುತ್ತಾರೆ ಅಂತ ನಂಬಿ ಕೂತಿರುತ್ತದೆ. ಹತ್ತು ದಾರಿಯಲ್ಲಿ ಒಂಬತ್ತು ಕಡೆ ಲಾಕ್ ಹಿಡಿದು, ಹತ್ತನೇ ಕಡೆ ಮರೆತರೆ ಕಂಪೈಲರ್ ಬಾಯಿ ಬಿಡುವುದಿಲ್ಲ. ಹಾಗಾಗಿ ಪ್ಯಾಚ್, ಅಂದರೆ ಕೋಡಿಗೆ ಮಾಡಿದ ತಿದ್ದುಪಡಿ, ನೋಡುವಾಗ ಲಾಕ್ ಇರುವ ಸಾಲುಗಳನ್ನು ನೋಡಿದರೆ ಸಾಲದು. ಲಾಕ್ ಇಲ್ಲದ ಸಾಲುಗಳನ್ನು ಹುಡುಕಬೇಕು, ಮತ್ತು ಅವು ಪ್ಯಾಚಿನಲ್ಲಿ ಇರುವುದೇ ಇಲ್ಲ. ಇದೇ ಕಷ್ಟ.

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರದಲ್ಲಿ ಓಡಲು ಶುರು ಮಾಡಿದಾಗ, ಇಡೀ ಕರ್ನಲ್ಲಿಗೆ ಒಂದೇ ಲಾಕ್ ಇತ್ತು. ಹೆಸರೇ ಬಿಗ್ ಕರ್ನಲ್ ಲಾಕ್. ಇಡೀ ತಾಲ್ಲೂಕಿಗೆ ಒಬ್ಬ ನೀರುಗಂಟಿ. ಅವನಿಗೊಂದು ವಿಚಿತ್ರ ಗುಣ ಬೇರೆ: ಲಾಕ್ ಹಿಡಿದವನು ನಿದ್ದೆಗೆ ಹೋದರೆ ಲಾಕ್ ತಾನಾಗಿಯೇ ಬಿಟ್ಟುಹೋಗುತ್ತಿತ್ತು, ಎದ್ದಾಗ ಮತ್ತೆ ಕೈಗೆ ಬರುತ್ತಿತ್ತು. ಮಧ್ಯೆ ಏನಾಯಿತೋ ದೇವರೇ ಬಲ್ಲ. ಅದನ್ನು ಪೂರ್ತಿ ಕಿತ್ತುಹಾಕಿದ್ದು 2011ರ ಮೇನಲ್ಲಿ, 2.6.39ರಲ್ಲಿ. ಹದಿನೈದು ವರ್ಷ! ಲಾಕ್ ತೆಗೆಯುವುದು ಒಂದು ಸಾಲಿನ ಕೆಲಸ. ಆ ಲಾಕ್ ಎಲ್ಲೆಲ್ಲಿ ಯಾವುದನ್ನು ಯಾರಿಂದ ಕಾಯುತ್ತಿದೆ ಅಂತ ಕಂಡುಹಿಡಿಯುವುದು ಇಷ್ಟು ವರ್ಷದ ಕೆಲಸ.

ಈಗ ನಮ್ಮದೇ ಕಥೆ ಹೇಳುತ್ತೇನೆ. ಕಬ್ಬಿನ ಗಾಡಿ ತೂಗುವ ವೇ ಬ್ರಿಡ್ಜ್ ಇರುತ್ತದಲ್ಲ, ಅದಕ್ಕೆ ಕೂರಿಸುವ ಒಂದು ಪುಟ್ಟ ಬೋರ್ಡ್. ನಾಲ್ಕು ಕೋರಿನ ಆರ್ಮ್ ಚಿಪ್, ಮೇಲೆ ಲಿನಕ್ಸ್. ತೂಕದ ಸೆನ್ಸರ್ ಓದುವ ಡ್ರೈವರ್ ನಾವು ಬರೆದದ್ದು. 20 ಮಿಲಿಸೆಕೆಂಡಿಗೊಮ್ಮೆ ಒಂದು ಟೈಮರ್ ಎದ್ದು, ಓದಿದ ಅಂಕಿಯನ್ನು ಬಫರಿಗೆ, ಅಂದರೆ ಮೆಮೊರಿಯಲ್ಲಿ ಕೇಳಿ ಪಡೆದ ಜಾಗಕ್ಕೆ, ಹಾಕುತ್ತದೆ. ಅಂದರೆ ಸೆಕೆಂಡಿಗೆ 50 ಸಲ. ತೂಕ ಮುಗಿದ ಮೇಲೆ ಡ್ರೈವರನ್ನು ಮುಚ್ಚಿದಾಗ ಬಫರ್ ಹಿಂತಿರುಗಿಸಬೇಕು. ಎಷ್ಟು ಸರಳ ಅಲ್ವಾ?

ಅರೆಯುವ ಸೀಸನ್ನಿನಲ್ಲಿ ಒಂದು ಬೋರ್ಡ್ ಸತ್ತಿತು. ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿವೆ, ಕಬ್ಬು ಒಣಗುತ್ತಿದೆ, ಫೋನಿನಲ್ಲಿ ನನಗೆ ಅಪ್ಪಟ ಮಂಡ್ಯ ಭಾಷೆ ಕೇಳಿಸುತ್ತಿದೆ. ಅದನ್ನು ಇಲ್ಲಿ ಹೇಳುವಂತಿಲ್ಲ. ಲಾಗ್ ನೋಡಿದರೆ, ಹಿಂತಿರುಗಿಸಿದ ಬಫರಿಗೆ ಟೈಮರ್ ಬರೆಯಲು ಹೋಗಿದೆ. ಒಂದು ಕೋರ್ ಬಾಗಿಲು ಮುಚ್ಚುತ್ತಿದೆ, ಇನ್ನೊಂದು ಕೋರಿನಲ್ಲಿ ಟೈಮರ್ ಇನ್ನೂ ಒಳಗಿದೆ.

ಮೊದಲ ಪ್ಯಾಚ್ ನನ್ನದೇ. 'ಮುಚ್ಚುತ್ತಿದ್ದೇನೆ' ಅಂತ ಒಂದು ಫ್ಲ್ಯಾಗ್ ಇಟ್ಟೆ. ಟೈಮರ್ ಮೊದಲು ಫ್ಲ್ಯಾಗ್ ನೋಡಲಿ, ಆಮೇಲೆ ಬರೆಯಲಿ. ಇದು ಹೇಗಿದೆ ಅಂದರೆ, ಪಕ್ಕದವನ ತೂಬು ಮುಚ್ಚಿದೆಯಾ ಅಂತ ಇಣುಕಿ ನೋಡಿ, ಮನೆಗೆ ಹೋಗಿ ಗುದ್ದಲಿ ತಂದು, ನೀರು ತಿರುಗಿಸಿದ ಹಾಗೆ. ನೋಡಿದ್ದಕ್ಕೂ ಗುದ್ದಲಿ ತಂದದ್ದಕ್ಕೂ ನಡುವೆ ಅವನು ಬಂದು ತೆಗೆದಿರಬಹುದು. ಟೈಮರ್ ಫ್ಲ್ಯಾಗ್ ನೋಡಿತು, ಸೊನ್ನೆ ಇತ್ತು. ಅಷ್ಟರಲ್ಲಿ ಇನ್ನೊಂದು ಕೋರ್ ಫ್ಲ್ಯಾಗ್ ಏರಿಸಿ, ಬಫರ್ ಹಿಂತಿರುಗಿಸಿತು. ಟೈಮರ್ ಹೋಗಿ ಬರೆಯಿತು. ಫ್ಲ್ಯಾಗ್ ಹಾಕಿ ಕಿಂಡಿಯನ್ನು ಕಿರಿದು ಮಾಡಿದೆ, ಮುಚ್ಚಲಿಲ್ಲ. ಅದರಿಂದ ಆದ ಲಾಭ ಏನೆಂದರೆ, ಬಗ್ ಸಿಗುವುದು ಇನ್ನೂ ಕಷ್ಟವಾಯಿತು!

ಎರಡನೇ ಪ್ಯಾಚ್ ನಮ್ಮ ಟೀಮಿನ ಹುಡುಗನದು. ಮುಚ್ಚುವಾಗ ಟೈಮರನ್ನೇ ತೆಗೆದುಬಿಡೋಣ ಅಂದ. ಕರ್ನಲ್ಲಿನಲ್ಲಿ ಅದಕ್ಕೆ ಎರಡು ಫಂಕ್ಷನ್ ಇವೆ. ಈಗಿನ ಹೆಸರು ಟೈಮರ್ ಡಿಲೀಟ್ ಮತ್ತು ಟೈಮರ್ ಡಿಲೀಟ್ ಸಿಂಕ್. ಮೊದಲನೆಯದು ಸರದಿಯಲ್ಲಿ ಕಾಯುತ್ತಿರುವ ಟೈಮರನ್ನು ತೆಗೆಯುತ್ತದೆ. ಆದರೆ ಆಗಲೇ ಇನ್ನೊಂದು ಕೋರಿನಲ್ಲಿ ಓಡುತ್ತಿದ್ದರೆ? ಅದರ ಪಾಡಿಗೆ ಅದನ್ನು ಬಿಟ್ಟು ವಾಪಸ್ ಬರುತ್ತದೆ. ಎರಡನೆಯದು ಓಡುತ್ತಿರುವುದು ಮುಗಿಯುವ ತನಕ ಕಾಯುತ್ತದೆ. ಹುಡುಗ ಮೊದಲನೆಯದನ್ನು ಹಾಕಿದ್ದ. ಅಂದರೆ ಮನೆಗೆ ಹೊಸಬರು ಬರದಂತೆ ಬಾಗಿಲು ಹಾಕಿದ, ಒಳಗೆ ಊಟ ಮಾಡುತ್ತಿದ್ದವನನ್ನು ಮರೆತು ಮನೆ ಕೆಡವಿದ.

ನಾನು ರಿವ್ಯೂ ಮಾಡಿ ಓಕೆ ಅಂದಿದ್ದೆ. ಇದನ್ನೂ ಹೇಳಬೇಕಲ್ಲ.

ಮೂರನೇ ಪ್ಯಾಚಿನಲ್ಲಿ ಸಿಂಕ್ ಹಾಕಿದೆವು. ಈ ಸಲ ಕ್ರ್ಯಾಶ್ ಇಲ್ಲ. ಬೋರ್ಡ್ ಹಾಗೇ ಹೆಪ್ಪುಗಟ್ಟಿ ನಿಂತಿತು. ಕಾರಣ ನೋಡಿ: ಮುಚ್ಚುವ ಕೋಡ್ ಒಂದು ಸ್ಪಿನ್‌ಲಾಕ್ (ಸಿಗುವ ತನಕ ಬಿಡದೆ ಸುತ್ತುತ್ತಾ ಕಾಯಿಸುವ ಲಾಕ್) ಹಿಡಿದುಕೊಂಡೇ ಆ ಫಂಕ್ಷನ್ ಕರೆಯುತ್ತಿತ್ತು. ಟೈಮರಿನ ಒಳಗೂ ಅದೇ ಲಾಕ್ ಬೇಕು. ಮುಚ್ಚುವವನು ಟೈಮರ್ ಮುಗಿಯಲಿ ಅಂತ ಕಾಯುತ್ತಾನೆ. ಟೈಮರ್, ಮುಚ್ಚುವವನು ಲಾಕ್ ಬಿಡಲಿ ಅಂತ ಕಾಯುತ್ತದೆ. 'ನೀವು ಮೊದಲು ಹೋಗಿ', 'ಇಲ್ಲ ಇಲ್ಲ ನೀವೇ ಮೊದಲು' ಅಂತ ಬಾಗಿಲಲ್ಲಿ ನಿಂತ ಇಬ್ಬರು ಮರ್ಯಾದಸ್ಥರ ಹಾಗೆ. ಈ ತಪ್ಪನ್ನು ಲಾಕ್‌ಡೆಪ್ ಅನ್ನುವ ಸಾಧನ ಹಿಡಿದುಕೊಡುತ್ತದೆ. 2006ರಿಂದ ಕರ್ನಲ್ಲಿನಲ್ಲೇ ಇದೆ. ನಾವು ಆಫ್ ಮಾಡಿ ಇಟ್ಟಿದ್ದೆವು, ಬೋರ್ಡ್ ನಿಧಾನ ಆಗುತ್ತದೆ ಅಂತ.

ನಾಲ್ಕನೆಯದರಲ್ಲಿ ಲಾಕಿನ ಹೊರಗೆ ತಂದೆವು. ಈಗ ನಾಲ್ಕು ತಿಂಗಳು ಸುಮ್ಮನಿತ್ತು. ಆಮೇಲೆ ಮತ್ತೆ ಅದೇ ಕ್ರ್ಯಾಶ್. ಈ ಸಲ ತಲೆ ಕೆಟ್ಟಿತು. ಟೈಮರ್ ತೆಗೆದಾಗಿದೆ, ಓಡುತ್ತಿದ್ದದ್ದು ಮುಗಿದಿದೆ, ಮತ್ತೆ ಎಲ್ಲಿಂದ ಬಂತು? ಎರಡು ದಿನ ಕೂತು ನೋಡಿದ ಮೇಲೆ ಗೊತ್ತಾಯಿತು. ಟೈಮರ್ ಎದ್ದಾಗ ಒಂದು ವರ್ಕ್ ಐಟಂ ಅನ್ನು, ಅಂದರೆ ಆಮೇಲೆ ಮಾಡಬೇಕಾದ ಒಂದು ಕೆಲಸವನ್ನು, ಸರದಿಗೆ ಹಾಕುತ್ತದೆ. ಆ ವರ್ಕ್ ಕೆಲಸ ಮುಗಿಸಿ ಟೈಮರನ್ನು ಮತ್ತೆ ಎಬ್ಬಿಸುತ್ತದೆ. ನಾವು ಟೈಮರ್ ತೆಗೆದ ಮೇಲೆ, ಆಗಲೇ ಸರದಿಯಲ್ಲಿದ್ದ ವರ್ಕ್ ಅದನ್ನು ಮತ್ತೆ ಎಬ್ಬಿಸಿತು. ಸರಿ, ಮೊದಲು ವರ್ಕ್ ನಿಲ್ಲಿಸೋಣ ಅಂದರೆ, ಟೈಮರ್ ಹೊಸ ವರ್ಕ್ ಹಾಕುತ್ತದೆ. ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದಕ್ಕೆ ಜೀವ ಕೊಡುತ್ತದೆ.

ಇದು ನಮ್ಮೊಬ್ಬರ ತೊಂದರೆ ಅಲ್ಲ. ಇದೇ ತರಹದ ಸುತ್ತು ಕರ್ನಲ್ಲಿನ ಬೇರೆ ಕಡೆಗಳಲ್ಲೂ ಇತ್ತು. ಅದಕ್ಕೇ 6.2 ಆವೃತ್ತಿಯಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ, ಟೈಮರ್ ಶಟ್‌ಡೌನ್ ಸಿಂಕ್ ಅನ್ನುವ ಮೂರನೇ ಫಂಕ್ಷನ್ ಬಂತು. ಇದು ಟೈಮರನ್ನು ತೆಗೆಯುತ್ತದೆ, ಓಡುತ್ತಿರುವುದಕ್ಕೆ ಕಾಯುತ್ತದೆ, ಮತ್ತೆ ಯಾರು ಎಬ್ಬಿಸಿದರೂ ಏಳದಂತೆ ಮಾಡುತ್ತದೆ. ಎಬ್ಬಿಸಲು ಹೋದವನಿಗೆ ಬೈಯುವುದೂ ಇಲ್ಲ, ಸುಮ್ನೆ ಇದ್ದುಬಿಡುತ್ತದೆ. ಮೊದಲು ಇದು, ಆಮೇಲೆ ವರ್ಕ್ ರದ್ದು, ಆಮೇಲೆ ಬಫರ್ ವಾಪಸ್. ಇದು ನಮ್ಮ ಐದನೇ ಪ್ಯಾಚ್. ಬರೆದದ್ದು ಎರಡು ಸಾಲು.

ಈ ಐದರಲ್ಲಿ ಪ್ರತಿಯೊಂದನ್ನೂ ನಾವು ಟೆಸ್ಟ್ ಮಾಡಿದ್ದೆವು. 'ಹತ್ತು ಸಾವಿರ ಸಲ ತೆಗೆದು ಮುಚ್ಚಿ ನೋಡಿದೆ, ಏನೂ ಆಗಲಿಲ್ಲ' ಅಂದಿದ್ದೆವು. ಲೆಕ್ಕ ಹಾಕೋಣ. ಹತ್ತು ಲಕ್ಷ ಸಲಕ್ಕೆ ಒಮ್ಮೆ ಆಗುವ ರೇಸ್ ಅಂತ ಇಟ್ಟುಕೊಳ್ಳಿ. ಹತ್ತು ಸಾವಿರ ಸಲ ಓಡಿಸಿದರೆ ಅದು ಕಾಣಿಸದೇ ಇರುವ ಸಾಧ್ಯತೆ ನೂರಕ್ಕೆ 99. ಅಂದರೆ ಆ ಟೆಸ್ಟ್ ಏನನ್ನೂ ಹೇಳಲಿಲ್ಲ. ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ಸುಮಾರು 30 ಲಕ್ಷ ಸಲ ತೊಂದರೆ ಇಲ್ಲದೆ ಓಡಬೇಕು. ಅದೂ ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಅಲ್ಲ, ಅದೇ ಚಿಪ್ಪಿನಲ್ಲಿ, ಅದೇ ಒತ್ತಡದಲ್ಲಿ. ನಮ್ಮ ಲ್ಯಾಪ್‌ಟಾಪಿನ ಎಕ್ಸ್86 ಚಿಪ್ ಮೆಮೊರಿ ಬರಹಗಳ ಕ್ರಮವನ್ನು ಹೆಚ್ಚುಕಡಿಮೆ ಕಾಪಾಡುತ್ತದೆ. ಆರ್ಮ್ ಅಷ್ಟು ಶಿಸ್ತಿನದಲ್ಲ. ನೀವು ಮೊದಲು ಡೇಟಾ ಬರೆದು ಆಮೇಲೆ ಫ್ಲ್ಯಾಗ್ ಬರೆದರೂ, ಇನ್ನೊಂದು ಕೋರಿಗೆ ಫ್ಲ್ಯಾಗ್ ಮೊದಲು ಕಾಣಬಹುದು. ಕ್ರಮ ತಪ್ಪದಂತೆ ಕಾಯುವ ಬ್ಯಾರಿಯರ್ ಹಾಕದಿದ್ದರೆ ದೂರುವಂತಿಲ್ಲ. ಇದೊಂದೇ ವಿಷಯಕ್ಕೆ ಇನ್ನೊಂದು ಭಾನುವಾರ ಬೇಕು, ಇಲ್ಲಿಗೆ ಬಿಡುತ್ತೇನೆ.

ನಮ್ಮಂಥವರ ಮಾತು ಬಿಡಿ, ದೊಡ್ಡವರು ಹೇಗೆ ಮಾಡುತ್ತಾರೆ ಅಂತ ನೀವು ಕೇಳಬಹುದು. ಅದಕ್ಕೆ ಡರ್ಟಿ ಕೌ ಅನ್ನುವ ಲಿನಕ್ಸ್ ಭದ್ರತಾ ತೂತಿನ ಕಥೆ ಹೇಳಬೇಕು. ಹಸುವಿಗೂ ಇದಕ್ಕೂ ಸಂಬಂಧ ಇಲ್ಲ. ಕಾಪಿ ಆನ್ ರೈಟ್ ಅನ್ನೋದರ ಮೊದಲ ಅಕ್ಷರಗಳು ಸೇರಿ ಕೌ ಆಗಿದೆ.

ಒಂದು ಫೈಲನ್ನು ನೀವು ಓದಲು ಮಾತ್ರ ತೆರೆದಿದ್ದೀರಿ. ಅದರ ಪೇಜನ್ನು, ಅಂದರೆ ಮೆಮೊರಿ ಹಂಚುವ ಅಳತೆಯ ಒಂದು ತುಂಡನ್ನು, ನಿಮ್ಮ ಪ್ರೋಗ್ರಾಮಿನ ಮೆಮೊರಿಗೆ ಖಾಸಗಿಯಾಗಿ ತಂದಿದ್ದೀರಿ. ನೀವು ಅದರ ಮೇಲೆ ಬರೆಯಲು ಹೋದರೆ ಕರ್ನಲ್ ಏನು ಮಾಡಬೇಕು? ನಿಮಗೊಂದು ನಕಲು ಮಾಡಿಕೊಟ್ಟು, 'ಇದರ ಮೇಲೆ ಗೀಚಿಕೋ, ಮೂಲ ಮುಟ್ಟಬೇಡ' ಅನ್ನಬೇಕು. ಪಹಣಿಯ ಜೆರಾಕ್ಸ್ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡ ಹಾಗೆ.

ಈ ಕೆಲಸ ಎರಡು ಹೆಜ್ಜೆಯಲ್ಲಿ ಆಗುತ್ತಿತ್ತು. ಮೊದಲು ನಕಲು ಮಾಡುವುದು. ನಕಲು ಆದಮೇಲೆ ಕರ್ನಲ್ ತನ್ನ ಚೀಟಿಯಿಂದ 'ಬರೆಯಲು ಬೇಕು' ಅನ್ನುವ ಗುರುತನ್ನು ಅಳಿಸಿ, ಸುಮ್ನೆ 'ಈ ಪೇಜ್ ಕೊಡು' ಅಂತ ಇನ್ನೊಮ್ಮೆ ಕೇಳುತ್ತಿತ್ತು. ನಕಲು ಹೇಗೂ ಸಿದ್ಧ ಇದೆಯಲ್ಲ ಅನ್ನುವ ಧೈರ್ಯ. ಆದರೆ ಆ ಎರಡು ಹೆಜ್ಜೆಗಳ ನಡುವೆ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ (ಜೊತೆಜೊತೆಗೆ ಓಡುವ ಎಳೆ) ಬಂದು 'ಈ ನಕಲು ನನಗೆ ಬೇಡ' ಅಂತ ಎಸೆದರೆ? ಕರ್ನಲ್ ಎರಡನೇ ಸಲ ಕೇಳಿದಾಗ ಸಿಗುವುದು ಮೂಲ ಪೇಜು. ಬರಹ ಹೋಗಿ ಮೂಲದ ಮೇಲೆ ಬೀಳುತ್ತದೆ. ಓದಲು ಮಾತ್ರ ಅನುಮತಿ ಇದ್ದ ಸಾಮಾನ್ಯ ಬಳಕೆದಾರ ಪಾಸ್‌ವರ್ಡ್ ಫೈಲನ್ನೇ ತಿದ್ದಿ ರೂಟ್, ಅಂದರೆ ಯಂತ್ರದ ಪೂರ್ತಿ ಒಡೆಯ, ಆಗಬಹುದಿತ್ತು. ಜೆರಾಕ್ಸ್ ಮೇಲೆ ಬರೆದದ್ದು ತಾಲ್ಲೂಕು ಕಚೇರಿಯ ಮೂಲ ದಾಖಲೆಯಲ್ಲಿ ಮೂಡಿದ ಹಾಗೆ.

2016ರ ಅಕ್ಟೋಬರಿನಲ್ಲಿ ಇದನ್ನು ಸರಿಮಾಡಿದರು. ಆಂಡ್ರಾಯ್ಡ್ ಫೋನುಗಳಲ್ಲೂ ಇದೇ ತೂತು ಇತ್ತು. ನನಗೆ ರೋಮಾಂಚನ ಆಗುವುದು ಆ ಪ್ಯಾಚಿನ ಜೊತೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಬರೆದ ಟಿಪ್ಪಣಿ ಓದಿದಾಗ. ಇದು ಬಹಳ ಹಳೆಯ ಬಗ್, ಹನ್ನೊಂದು ವರ್ಷದ ಹಿಂದೆ ನಾನೇ ಒಮ್ಮೆ ಸರಿಮಾಡಲು ಹೋಗಿ ಕೆಟ್ಟದಾಗಿ ಮಾಡಿದ್ದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. 2005ರ ಆ ಪ್ಯಾಚ್ ಎಸ್390 ಅನ್ನುವ ಐಬಿಎಂ ಮೇನ್‌ಫ್ರೇಮ್ ಯಂತ್ರಗಳಲ್ಲಿ ತೊಂದರೆ ಕೊಟ್ಟಿತು. ಹಾಗಾಗಿ ಹಿಂದಕ್ಕೆ ತೆಗೆದರು. ಆ ಕಾಲಕ್ಕೆ ಆ ರೇಸ್ ಬರೀ ಕಾಗದದ ಮೇಲಿನ ಭಯ. ಆಮೇಲೆ ಮೆಮೊರಿ ಕೋಡ್ ಚುರುಕಾಯಿತು, ರೇಸ್ ಹೊಡೆಯುವುದು ಸುಲಭವಾಯಿತು. ಬಗ್ಗಿನ ಕೋಡ್ ಬದಲಾಗಲಿಲ್ಲ, ಅದರ ಸುತ್ತಲಿನ ಊರು ಬದಲಾಯಿತು.

ಹೊಸ ಪ್ಯಾಚ್ ಏನು ಮಾಡಿತು? 'ಬರೆಯಲು ಬೇಕು' ಗುರುತನ್ನು ಅಳಿಸುವ ಬದಲು, 'ನಕಲು ಮಾಡಿಯಾಗಿದೆ' ಅಂತ ಹೊಸ ಗುರುತು ಇಟ್ಟಿತು. ಆ ಗುರುತೊಂದನ್ನೇ ನಂಬದೆ, ಪೇಜಿನ ಡರ್ಟಿ ಬಿಟ್ ಕೂಡ ನೋಡಿತು. ಡರ್ಟಿ ಅಂದರೆ ಈ ಪೇಜಿನ ಮೇಲೆ ಯಾರೋ ಬರೆದಿದ್ದಾರೆ ಅನ್ನುವ ಗುರುತು. ನಕಲು ಆದ ಪೇಜು ಡರ್ಟಿ ಆಗಿರುತ್ತದೆ. ಹಾಗಾದರೆ ಡರ್ಟಿ ಇದ್ದರೆ ಅದು ನಕಲೇ. ತರ್ಕ ಸರಿ ಅನಿಸುತ್ತದೆ ಅಲ್ವಾ?

ಇಲ್ಲಿ ನಿಂತು ನೋಡಿ. 'ನಕಲು ಆದರೆ ಡರ್ಟಿ' ಅನ್ನೋದು ನಿಜ. 'ಡರ್ಟಿ ಆದರೆ ನಕಲು' ಅನ್ನೋದು ಬೇರೆಯೇ ಮಾತು. ಮಳೆ ಬಂದರೆ ಅಂಗಳ ಒದ್ದೆ. ಅಂಗಳ ಒದ್ದೆ ಇದ್ದರೆ ಮಳೆಯೇ ಬಂದಿರಬೇಕಿಲ್ಲ, ಸಗಣಿ ಸಾರಿಸಿರಬಹುದು.

2017ರ ನವೆಂಬರ್ ಕೊನೆಗೆ ಅದೇ ಆಯಿತು. ಎಕ್ಸ್86ನಲ್ಲಿ ಮಾಮೂಲಿ ಪೇಜು 4 ಕಿಲೋಬೈಟ್. ದೊಡ್ಡ ಪೇಜು ಅಂತ ಒಂದಿದೆ, 2 ಮೆಗಾಬೈಟಿನದು. ಆ ದೊಡ್ಡ ಪೇಜಿನ ದಾರಿಯಲ್ಲಿ ಸುಮ್ನೆ ಓದಲು ಮುಟ್ಟಿದರೂ ಡರ್ಟಿ ಬಿಟ್ ಏರಿಸುವ ಒಂದು ಫಂಕ್ಷನ್ ಇತ್ತು. ಅದನ್ನು ಬರೆದವರಿಗೆ ಅದು ತಪ್ಪಾಗಿ ಕಾಣುವ ಕಾರಣವೇ ಇರಲಿಲ್ಲ. ಆದರೆ ಪ್ಯಾಚಿನ ತರ್ಕ ನಿಂತಿದ್ದ ಕಂಬ ಅದೇ. ನಕಲು ಆಗದಿದ್ದರೂ ಡರ್ಟಿ, ಡರ್ಟಿ ಆದ್ದರಿಂದ ಬರೆಯಬಹುದು. ಡರ್ಟಿ ಕೌ ಮತ್ತೆ ಎದ್ದಿತು, ಹ್ಯೂಜ್ ಡರ್ಟಿ ಕೌ ಅನ್ನುವ ಹೆಸರಿನಲ್ಲಿ.

ಸರಿಮಾಡಿದರು. 2022ರಲ್ಲಿ ಮತ್ತೊಮ್ಮೆ. ಹಂಚಿಕೊಂಡ ಮೆಮೊರಿಯ ಕೋಡಿನಲ್ಲಿ, 5.16 ಆವೃತ್ತಿಯಲ್ಲಿ ಆದ ಒಂದು ಬದಲಾವಣೆ ಡರ್ಟಿ ಬಿಟ್ಟನ್ನು ಯಾವ ಷರತ್ತೂ ಇಲ್ಲದೆ ಏರಿಸಲು ಶುರು ಮಾಡಿತ್ತು. ಅದೇ ಕಂಬ, ಬೇರೆ ಗುದ್ದಲಿ. ಆಗ ಕೊನೆಗೂ 2016ರ ಆ ಗುರುತನ್ನೇ ಕಿತ್ತುಹಾಕಿ, ಪೇಜು ನಿಜವಾಗಿ ಈ ಪ್ರೋಗ್ರಾಮಿಗೆ ಮಾತ್ರ ಸೇರಿದ್ದಾ ಅಂತ ನೇರವಾಗಿ ನೋಡುವ ಪದ್ಧತಿ ತಂದರು. ಎರಡು ಸಲವೂ ಡರ್ಟಿ ಬಿಟ್ ಏರಿಸುವ ಕೋಡ್ ಬರೆದವರು ಆ ಪ್ಯಾಚನ್ನು ಮುಟ್ಟಿರಲಿಲ್ಲ. ಬೇರೆ ಯಾವುದೋ ಫೈಲಿನಲ್ಲಿ, ತಮ್ಮ ಕೆಲಸ ತಾವು ಮಾಡುತ್ತಿದ್ದರು.

ಅದಕ್ಕೆ ನಾನು ಈಗ ರಿವ್ಯೂ ಮಾಡುವಾಗ 'ಇದು ಸರಿಯಾ' ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. 'ಯಾರು ಏನು ಮಾಡದೇ ಇರುವ ತನಕ ಇದು ಸರಿ?' ಅಂತ ಕೇಳುತ್ತೇನೆ. ಉತ್ತರವನ್ನು ಕೋಡಿನ ಪಕ್ಕ ಕಾಮೆಂಟಿನಲ್ಲಿ ಬರೆಸುತ್ತೇನೆ. 'ಈ ಲಾಕ್ ಬಫರನ್ನು ಟೈಮರಿನಿಂದ ಕಾಯುತ್ತದೆ. ಬಫರ್ ಮುಟ್ಟುವ ದಾರಿಗಳು ಇಷ್ಟು. ಇದನ್ನು ಹಿಡಿದು ಟೈಮರಿಗಾಗಿ ಕಾಯಬಾರದು.' ಮೂರು ಸಾಲು. ಬರೆಯಲು ಕೂತಾಗ ಅರ್ಧದಷ್ಟು ಜನ ಪ್ಯಾಚನ್ನೇ ವಾಪಸ್ ತಗೊಳ್ಳುತ್ತಾರೆ. ಬರೆಯಲು ಆಗದ್ದಕ್ಕೆ ಅಲ್ಲ, ಬರೆಯುವಾಗ ಹತ್ತನೇ ದಾರಿ ನೆನಪಾಗುವುದಕ್ಕೆ.

ಸಾಧನಗಳಿವೆ, ಬಳಸಿ. 2020ರಲ್ಲಿ 5.8ರ ಜೊತೆ ಬಂದ ಕೆಸಿಸಾನ್ ಡೇಟಾ ರೇಸ್ ಹಿಡಿಯುತ್ತದೆ. ಲಾಕ್‌ಡೆಪ್ ಹೇಳಿದೆನಲ್ಲ. ಆದರೆ ಇವು ಓಡಿದ ದಾರಿಯನ್ನು ಮಾತ್ರ ನೋಡುತ್ತವೆ. ಡರ್ಟಿ ಬಿಟ್ಟಿನ ಅರ್ಥವನ್ನು ಯಾರೋ ಬದಲಿಸಿದ್ದಾರೆ ಅಂತ ಇವು ಹೇಳಲಾರವು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಕೆಲಸ ಸಿಗುವ ಬಗ್ಗೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಶಟ್‌ಡೌನ್ ಮಾಡಿದ ಟೈಮರ್ ಮತ್ತೆ ಏಳಲ್ಲ ಅಂದ್ರಿ. ನಿಮ್ಮ ಬೋರ್ಡ್ ರಾತ್ರಿ ಸ್ಲೀಪ್‌ಗೆ ಹೋಗಿ ಬೆಳಿಗ್ಗೆ ಎದ್ದರೆ?"

ಒಂದು ಕ್ಷಣ ನನಗೆ ಮಾತು ಬರಲಿಲ್ಲ. ಬೋರ್ಡ್ ಸ್ಲೀಪ್‌ಗೆ ಹೋಗುತ್ತದೆ. ಆಗ ಕರೆಯುವ ಫಂಕ್ಷನ್ ಯಾವುದು? ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಎಲ್ಲರ ಮುಂದೆ ತೆಗೆದು ನೋಡಿದೆ. ಮುಚ್ಚುವಾಗ ಕರೆಯುವ ಅದೇ ಫಂಕ್ಷನ್. ಎದ್ದ ಮೇಲೆ ಟೈಮರನ್ನು ಹೊಸದಾಗಿ ಸಿದ್ಧ ಮಾಡುವ ಸಾಲು ಎಲ್ಲೂ ಇಲ್ಲ. ಎಬ್ಬಿಸಲು ಮಾತ್ರ ಹೋಗುತ್ತದೆ, ಅದು ಏಳುವುದಿಲ್ಲ, ದೂರೂ ಹೇಳುವುದಿಲ್ಲ. ಬೆಳಿಗ್ಗೆಯ ಮೊದಲ ಗಾಡಿಗೆ ಹಿಂದಿನ ರಾತ್ರಿಯ ಕೊನೆಯ ತೂಕವೇ ತೋರಿಸುತ್ತದೆ.

"ಒಳ್ಳೆ ಪ್ರಶ್ನೆ" ಅಂದೆ. ಹಾಲ್ ಪೂರ್ತಿ ನಕ್ಕಿತು. ಆರನೇ ಪ್ಯಾಚ್ ಸೋಮವಾರ ಹೋಯಿತು. ಕಾಮೆಂಟ್ ಮಾತ್ರ ಏಳು ಸಾಲು ಆಗಿದೆ.